ಎರಡನೇ ನಂಬರು

ದೇವದುರ್ಗದ ಪರಮಣ್ಣ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕೊರಳಲ್ಲಿ ಸೀಟಿ ತೂಗುತ್ತಿದ್ದ ಜಾಗದಲ್ಲಿ ಈಗ ಒಂದು ಕೆಂಪು ಗುಂಡಿ ತೂಗುತ್ತದೆ. ಹಾಕಿದವನು ನಾನೇ, ರಾಯಚೂರಿನ ಅಲಾರಂ ಅಂಗಡಿಯ ಉದಯಕುಮಾರ.

ಹೋದ ವರ್ಷ ಅವರಿಗೆ ಹೃದಯಾಘಾತವಾಗಿತ್ತು. ಇನ್ನೊಮ್ಮೆ ಆದರೆ ಒಂದು ನಿಮಿಷವೂ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಮೌನೇಶ್ವರಿ ಮಸರಕಲ್ ಸರ್ಕಾರಿ ಶಾಲೆಯ ಹೆಡ್ ಮಿಸ್. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆಯವರೆಗೆ ಪರಮಣ್ಣ ಮನೆಯಲ್ಲಿ ಒಬ್ಬರೇ. ಅದಕ್ಕೇ ಈ ಗುಂಡಿ. ಒತ್ತಿದರೆ ಗೋಡೆಯ ಮೇಲಿನ ಅಲಾರಂ ಡಬ್ಬಿ ಮನೆಯ ಫೋನಿನಿಂದ ಒಂದರ ನಂತರ ಒಂದರಂತೆ ಮೂರು ನಂಬರಿಗೆ ಕರೆ ಮಾಡುತ್ತದೆ. ಎತ್ತಿದವರಿಗೆ ಪರಮಣ್ಣನವರದೇ ದನಿಯಲ್ಲಿ, 'ನಾ ಪರಮಣ್ಣ. ಎದಿ ನೋವು ಬಂದದ. ಲಗೂನ ಬರ್ರಿ. ಕೇಳಿಸಿದ್ರ ಒಂದು ಒತ್ರಿ' ಎಂದು ಒಂದು ನಿಮಿಷ ಮತ್ತೆ ಮತ್ತೆ ಕೇಳಿಸುತ್ತದೆ. ಒಂದು ಒತ್ತಿದರೆ ಡಬ್ಬಿ ಸುಮ್ಮನಾಗುತ್ತದೆ. ಒತ್ತದಿದ್ದರೆ ಮುಂದಿನ ನಂಬರಿಗೆ ಹೋಗುತ್ತದೆ.

ಅವರ ಓಣಿಯಲ್ಲಿ ತಾಮ್ರದ ತಂತಿ ಕಿತ್ತು ಫೈಬರ್ ಹಾಕಿದ್ದರು. ಈಗ ಫೋನು ಗೋಡೆಗಲ್ಲ, ಮೋಡೆಮ್ಮಿಗೆ ಚುಚ್ಚಬೇಕು. ಅಲಾರಂ ಡಬ್ಬಿ ಅದಕ್ಕೆ ಕೂಡುವುದಿಲ್ಲ ಎಂದು ಇಬ್ಬರು ಮಿಸ್ತ್ರಿಗಳು ಕೈ ಚೆಲ್ಲಿದ್ದರು. ಮಿಸ್ತ್ರಿಗಳು ಕೈ ಚೆಲ್ಲಿದರೆ ನನಗೆ ಹುರುಪು ಬರುತ್ತದೆ. ಮೋಡೆಮ್ಮಿನಿಂದ ಡಬ್ಬಿಗೆ, ಡಬ್ಬಿಯಿಂದ ಫೋನಿಗೆ ವೈರ್ ಎಳೆದು, ಕರೆಂಟು ಹೋದರೆ ಇರಲಿ ಎಂದು ಮೋಡೆಮ್ಮಿಗೊಂದು ಬ್ಯಾಟರಿ ಕೂಡಿಸಿದೆ. ಎಲ್ಲವೂ ನಡೆಯಿತು. ಹೆಡ್ ಮಿಸ್ ಒಬ್ಬರು ಮಾತ್ರ ನಡೆಯಲಿಲ್ಲ.

ಮೊದಲನೇ ನಂಬರು ಅವರ ಮೊಬೈಲಿನದು. ಗುಂಡಿ ಒತ್ತಿಸಿದೆ. ಶಾಲೆಯಲ್ಲಿ ಎರಡು ರಿಂಗಾಯಿತು, ಕಟ್ಟಾಯಿತು. ಡಬ್ಬಿಯನ್ನು ನಿಲ್ಲಿಸಿದೆ. ಆಮೇಲೆ ಮನೆಯ ಫೋನು ಬಡಿದುಕೊಂಡಿತು.

"ಏನ್ರೀ, ಊಟ ಆತೇನು?" ಎಂದರು ಮೌನೇಶ್ವರಿ.

"ಮೇಡಂ, ನಾನ್ರಿ, ಉದಯಕುಮಾರ. ಯಾಕ್ ಕಟ್ ಮಾಡಿದ್ರಿ?"

"ಮನಿ ಫೋನ್ ಬಂದ್ರ ಕಟ್ ಮಾಡಿ ನಾನ ಮಾಡ್ತೀನ್ರಿ. ಇಪ್ಪತ್ತು ವರ್ಷದ್ದು ರೂಢಿ ಅದ."

ವಿಚಾರಿಸಿದರೆ ಅದೊಂದು ದೊಡ್ಡ ಪದ್ಧತಿ. ಗಂಡ ಒಂದು ರಿಂಗ್ ಕೊಟ್ಟು ಬಿಟ್ಟರೆ ಊಟವಾಯಿತು ಎಂದರ್ಥ. ಎರಡು ಕೊಟ್ಟರೆ ಮಾತಾಡಬೇಕು, ಆಗ ಇವರು ಕಟ್ ಮಾಡಿ ತಿರುಗಿ ಮಾಡಬೇಕು. ಫೋನು ಮಾಡಿದರೆ ದುಡ್ಡು ಹೋಗುತ್ತಿದ್ದ ಕಾಲದ್ದು. ಈಗ ಹೋಗುವುದಿಲ್ಲ, ಪದ್ಧತಿ ಮಾತ್ರ ಉಳಿದಿದೆ. ಇನ್ನು ಕಟ್ ಮಾಡಬೇಡಿ ಎಂದೆ. ಆಯಿತು ಎಂದರು. ಮತ್ತೆ ಒತ್ತಿಸಿದೆ. ಕಟ್ ಮಾಡಿದರು.

"ತಮ್ಮಾ, ನಾ ಮಾಡ್ಲಿಲ್ಲ, ಹೆಬ್ಬಟ್ಟು ಮಾಡ್ತು," ಎಂದರು.

ಮೂರನೇ ಸಲಕ್ಕೂ ಹೆಬ್ಬಟ್ಟು ಮಾಡಿತು. ನನಗೆ ತಲೆ ಕೆಟ್ಟಿತು. ಗೊತ್ತಿಲ್ಲದ ನಂಬರು ಬಂದರೆ ಎತ್ತುತ್ತೀರಾ ಎಂದು ಕೇಳಿದೆ. ಯಾವ ಸಾಹೇಬರದೋ ಏನೋ ಎಂದು ಮೊದಲನೇ ರಿಂಗಿಗೇ ಎತ್ತುತ್ತಾರಂತೆ. ಅಷ್ಟು ಸಾಕಾಯಿತು. ಫೈಬರ್‌ನವರಿಗೆ ಹೇಳಿ ಮನೆಯ ಫೋನಿಗೆ ಹೊಸ ನಂಬರನ್ನೇ ಹಾಕಿಸಿದೆ. ಒತ್ತಿಸಿದರೆ, "ನಮಸ್ಕಾರ ಸರ್, ಮಸರಕಲ್ ಹೆಡ್ ಮಿಸ್ ಮಾತಾಡಾಕತ್ತೀನಿ," ಎಂದು ಎತ್ತಿದರು. ಗಂಡನ ದನಿ ಕೇಳಿದರು, ಒಂದು ಒತ್ತಿದರು. ಇಂಥ ಬುದ್ಧಿ ರಾಯಚೂರು ಜಿಲ್ಲೆಯಲ್ಲಿ ಯಾರಿಗಿದೆ ಎಂದು ನನಗೇ ಅನ್ನಿಸಿತು.

ಎರಡನೇ ನಂಬರು ನನ್ನದೇ ಹಾಕಿದೆ. "ಯಾವಾಗ ಬಂದ್ರೂ ನಾ ಎತ್ತತೀನ್ರಿ, ಎತ್ತಿ ಆಂಬುಲೆನ್ಸ್ ಕಳಸ್ತೀನಿ," ಎಂದು ಪರಮಣ್ಣನವರಿಗೆ ಮಾತು ಕೊಟ್ಟೆ. ಅವರು ಗುಂಡಿಯನ್ನು ಅಂಗಿಯೊಳಗೆ ಬಿಟ್ಟುಕೊಂಡು, "ಹಂಗಾರ ಚಿಂತಿಲ್ಲ," ಎಂದರು.

ಮೂರನೆಯದಕ್ಕೆ ಅವರು ಪಕ್ಕದ ಮನೆಯ ಸುಗ್ರಾ ಬೇಗಂ ಹೆಸರು ಹೇಳಿದರು. ನನಗೆ ಮನಸ್ಸಿರಲಿಲ್ಲ. ಆಕೆಗೆ ಅರವತ್ತೈದರ ಮೇಲಾಗಿದೆ, ಯಾವ ಫೋನು ಬಂದರೂ ಎತ್ತುತ್ತಾರೆ, ರೆಕಾರ್ಡ್ ಮಾಡಿದ ಜಾಹೀರಾತನ್ನೂ ಕೊನೆಯವರೆಗೆ ಕೇಳಿ ಉತ್ತರ ಕೊಡುತ್ತಾರೆ. ನಾನು ಅವರ ಮನೆಗೆ ಹೋಗಿದ್ದಾಗಲೇ ಅಂಥದೊಂದು ಬಂತು. "ನಮಗ ಬ್ಯಾಡ ಯವ್ವಾ, ನೀ ಊಟ ಮಾಡಿದೇನು?" ಎಂದು ಯಂತ್ರವನ್ನು ಕೇಳಿದರು. ಡಬ್ಬಿಯಲ್ಲಿ ಮೂರು ಜಾಗ ಇದ್ದವು, ತುಂಬಬೇಕಲ್ಲ ಎಂದು ಹಾಕಿದೆ. ಒಂದು ಒತ್ತುವುದನ್ನು ಹತ್ತು ಸಲ ಹೇಳಿಕೊಟ್ಟೆ.

ಎಂಟು ದಿನಗಳಾದ ಮೇಲೆ, ಮಂಗಳವಾರ ಹನ್ನೊಂದೂವರೆಗೆ, ನಾನು ಮಾನ್ವಿಯಲ್ಲಿ ಗಡಿಗೆಪ್ಪನವರ ಅಕ್ಕಿ ಗಿರಣಿಯಲ್ಲಿ ಏಣಿಯ ಮೇಲಿದ್ದೆ. ಫೋನು ಬಂತು. ಗೊತ್ತಿಲ್ಲದ ನಂಬರು. ಸಿಮ್ ಬದಲಾಯಿಸಿ ಎನ್ನುವವರು ಬೆಳಿಗ್ಗೆಯಿಂದ ಜೀವ ತಿಂದಿದ್ದರು. ಕಟ್ ಮಾಡಿದೆ.

ಸಂಜೆ ಮೌನೇಶ್ವರಿ ಮೊಬೈಲಿನಿಂದ ಫೋನ್ ಮಾಡಿ, "ಇವರಿಗೆ ಮತ್ತ ಆಗಿತ್ರಿ. ಆಸ್ಪತ್ರ್ಯಾಗ ಇದ್ದೀವಿ. ಜೀವಕ್ಕ ಅಪಾಯ ಇಲ್ಲಂತ," ಎಂದರು. ಅವರು ಇಟ್ಟ ಕೂಡಲೇ ಬೆಳಗಿನ ಆ ನಂಬರನ್ನು ತೆಗೆದು ನೋಡಿದೆ. ಅದು ನಾನೇ ಹಾಕಿಸಿದ ಹೊಸ ನಂಬರು. ನಾನು ಸೇವ್ ಮಾಡಿಕೊಂಡಿರಲಿಲ್ಲ. ಈಗ ಮಾಡಿಕೊಂಡೆ.

ಪರಮಣ್ಣ ಮನೆಗೆ ಬಂದ ಮೇಲೆ, ಡಬ್ಬಿ ನೋಡಿ ಹೋಗಿ ಎಂದು ಕರೆಸಿದರು. ಯಾವ ನಂಬರು ಎಷ್ಟು ಹೊತ್ತಿನಲ್ಲಿ ಏನು ಮಾಡಿತು ಎಂಬುದೆಲ್ಲ ಡಬ್ಬಿಯಲ್ಲಿ ದಾಖಲಾಗಿರುತ್ತದೆ. ಎರಡು ಬಟನ್ ಕೂಡಿಸಿ ಒತ್ತಿದರೆ ಅಳಿಸಿಹೋಗುತ್ತದೆ. ಬೆರಳು ಅದರ ಮೇಲೇ ಇತ್ತು, ಇಲ್ಲ ಎನ್ನುವುದಿಲ್ಲ.

"ಓದ್ರಿ," ಎಂದರು ಮೌನೇಶ್ವರಿ.

"ಒಂದನೇ ನಂಬರು, ನಾಕು ಸೆಕೆಂಡಿಗೆ ಕಟ್."

"ಹೊಸಾ ನಂಬರ್ ಬಂದ ದಿನಾನ 'ಮನಿ' ಅಂತ ಸೇವ್ ಮಾಡಿಟ್ಟಿದ್ದೆ," ಎಂದರು. "ಕಟ್ ಮಾಡಿ ತಿರುಗಿ ಮಾಡಿದೆ. ಎಂಗೇಜ್ ಬಂತು. ಯಾರ ಜೋಡಿನೋ ಮಾತಾಡಾಕತ್ತಾರ ಅಂತ ಕ್ಲಾಸಿಗಿ ಹೋದೆ. ಎರಡನೇದು ಓದ್ರಿ."

"ಎರಡನೇ ನಂಬರು, ಎರಡು ಸೆಕೆಂಡಿಗೆ ಕಟ್."

"ಅದು ನಿಮ್ದಲ್ಲೇನ್ರಿ?"

"ಹೌದ್ರಿ. ತಪ್ಪಾತು."

ಬೈದಿದ್ದರೆ ಚೆನ್ನಾಗಿತ್ತು. ಮಂಚದ ಮೇಲಿಂದ ಪರಮಣ್ಣ, "ಮೂರನೇದು ಓದಪಾ," ಎಂದರು.

"ಮೂರನೇ ನಂಬರು, ಮೊದಲನೇ ರಿಂಗಿಗೇ ಎತ್ತಿದ್ದು. ಐವತ್ತು ಸೆಕೆಂಡು. ಒಂದು ಒತ್ಯಾರ."

ಐವತ್ತು ಸೆಕೆಂಡು ಪೂರ್ತಿ ಕೇಳಿ, ಒಂದು ಒತ್ತಿ, ಸುಗ್ರಾ ಬೇಗಂ ಓಣಿಯ ತುದಿಯ ಅಮೀರ್ ಸಾಬನ ಆಟೋ ಕರೆದುಕೊಂಡು ಬಂದು ಪರಮಣ್ಣನವರನ್ನು ಆಸ್ಪತ್ರೆಗೆ ಕೂರಿಸಿಕೊಂಡು ಹೋಗಿದ್ದರು. ನಾನು ಸುಗ್ರಾ ಬೇಗಂ ನಂಬರನ್ನು ಮೊದಲನೆಯದಾಗಿ ಮಾಡಿದೆ. ಹೊಸದಾಗಿ ಹಾಕಿದ ಮೇಲೆ ಒಮ್ಮೆ ಪರೀಕ್ಷೆ ಮಾಡಲೇಬೇಕು. ಮೌನೇಶ್ವರಿ ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ, "ಸುಗ್ರಾ ಆಪಾ, ಈಗ ಬರೋದು ಬರೇ ಟೆಸ್ಟ್ ಅದ, ಗಾಬರಿ ಆಗಬ್ಯಾಡ್ರಿ," ಎಂದು ಕೂಗಿ ಬಂದರು.

ಪರಮಣ್ಣ ಗುಂಡಿ ಒತ್ತಿದರು. ಗೋಡೆಯಾಚೆ ರಿಂಗಾಯಿತು, ನಿಂತಿತು. "ಹಾಂ ಅಣ್ಣಾ, ಹೇಳ್ರಿ," ಎನ್ನುವುದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು, "ಒತ್ತಿದೆ, ಬರಾಕತ್ತೀನಿ." ಡಬ್ಬಿ ಸುಮ್ಮನಾಯಿತು. ಲೈನು ಚೆನ್ನಾಗಿದೆ ಎಂದು ನಾನು ಸಾಮಾನು ಕಟ್ಟತೊಡಗಿದೆ.

ಕಟ್ಟಿ ಏಳುವಷ್ಟರಲ್ಲಿ ಬಾಗಿಲಲ್ಲಿ ಸುಗ್ರಾ ಬೇಗಂ ನಿಂತಿದ್ದರು. ಒಂದೇ ಕಾಲಲ್ಲಿ ಚಪ್ಪಲಿ ಇತ್ತು, ಏದುಸಿರು ಬಿಡುತ್ತಿದ್ದರು. ಹಿಂದೆ ಅಮೀರ್ ಸಾಬ ಆಟೋ ತಿರುಗಿಸುವ ಸದ್ದು.

"ಆಪಾ, ಟೆಸ್ಟ್ ಅಂತ ಹೇಳಿದ್ನಲ್ರೀ," ಎಂದರು ಮೌನೇಶ್ವರಿ.

"ನೀವು ಟೆಸ್ಟ್ ಅಂದ್ರಿ," ಎಂದರು ಸುಗ್ರಾ ಬೇಗಂ. "ಅಣ್ಣ ಎದಿ ನೋವು ಅಂದ. ನಾ ಯಾರ ಮಾತು ಕೇಳ್ಲಿ?"