ಉಪ್ಪುಗದ್ದೆಯ ಚೊಚ್ಚಲು

ಬರ್ಮಾ ಅಕ್ಕಿ ಬರುವುದು ನಿಂತು ಅರ್ಧ ಊರು ಮರಗೆಣಸು ತಿನ್ನುತ್ತಿದ್ದ ಕಾಲ. ಪುರಂದರ ಯಜಮಾನರು ಊರ ನಾಲ್ಕು ಜನರ ಎದುರು ಮೀಸೆ ತಿರುವಿ ಒಂದು ಮಾತು ಆಡಿಬಿಟ್ಟರು. "ಅಳಿವೆ ಬದಿಯ ಉಪ್ಪುಗದ್ದೆಯಲ್ಲಿ ಇವ ಬೆಳೆ ತೆಗೆದರೆ ಆ ಗದ್ದೆ ಇವನಿಗೇ."

ಇವ ಎಂದರೆ ತಂಗಿ ರಾಜೀವಿಯ ಮಗ ಚೆನ್ನಪ್ಪ. ಅಳಿಯಸಂತಾನದ ಮನೆ; ಆಸ್ತಿಯೆಲ್ಲ ಸೋದರಮಾವನ ಮುಷ್ಟಿಯಲ್ಲಿ. ಅಳಿಯನಿಗೆ ಮೂವತ್ತು ದಾಟಿದರೂ ಒಂದು ವೀಳ್ಯದೆಲೆಗೆ ಕೈಚಾಚಬೇಕು. ಬೆಳೆ ಬರುವ ಗದ್ದೆಯಾಗಿದ್ದರೆ ಆ ಮನುಷ್ಯ ಹಾಗೆ ಹೇಳುತ್ತಿದ್ದರೇ? ಅಲ್ಲಿ ಹುಲ್ಲೂ ಏಳುತ್ತಿರಲಿಲ್ಲ.

ಚೆನ್ನಪ್ಪ ಸರಕಾರಿ ಕೃಷಿ ತೋಟದಲ್ಲಿ ಕೂಲಿಗಿದ್ದಾಗ ಭತ್ತದ ತಳಿ ಕೂಡಿಸುವುದನ್ನು ನೋಡಿದ್ದ. ಅಳಿವೆಯ ಅಂಚಿನ ಒಂದು ಕೆಂಪು ಭತ್ತ ಉಪ್ಪಿಗೆ ಜಗ್ಗುತ್ತಿರಲಿಲ್ಲ, ಆದರೆ ತೆನೆಯಲ್ಲಿ ಕಾಳೇ ಇಲ್ಲ. ಮೇಲಿನ ಗದ್ದೆಯದು ತುಂಬುತೆನೆ, ಉಪ್ಪು ತಾಗಿದರೆ ಸತ್ತಿತು. ಹೂವಿನ ತುದಿ ಕತ್ತರಿಸಿ, ಒಂದರ ಧೂಳನ್ನು ಇನ್ನೊಂದಕ್ಕೆ ಉದುರಿಸಿ ಕೂಡಿಸಿದ. "ತನಗೆ ಮದುವೆಯಿಲ್ಲ, ಭತ್ತಕ್ಕೆ ಮದುವೆ ಮಾಡಿಸ್ತಾನೆ" ಎಂದು ಊರು ನಕ್ಕಿತು. ನಗಲು ಊರಿಗೇನು ಖರ್ಚು?

ಮೂರನೆಯ ವರ್ಷ ಮಳೆ ಬೇಗ ಕೈಕೊಟ್ಟಿತು. ಹೊಳೆ ಸೊರಗಿ, ಭರತದ ಉಪ್ಪುನೀರು ಹುಣಿಯ ಮಣ್ಣುಬದು ಹಾರಿ ಗದ್ದೆಗೆ ನುಗ್ಗಿ ಸಸಿಗಳೆಲ್ಲ ಕರಟಿದವು. ಒಂದೇ ಒಂದು ಬುಡ ನಿಂತಿತು. ತೆನೆಗಳು ಇನ್ನೂ ಹಸಿರು, ಆದರೆ ಆಗಲೇ ಭಾರಕ್ಕೆ ಬಾಗಿದ್ದವು.

"ಇದು ಬಲಿತರೆ ಬೀಜ ಆಯ್ತು ಅಮ್ಮ. ಗದ್ದೆ ನಮ್ಮದೇ," ಎಂದ ಚೆನ್ನಪ್ಪ. ರಾಜೀವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾವನೂ ಬಂದು ನೋಡಿದರು. ಒಂದು ಕಾಳು ಹಿಚುಕಿ, ಹಾಲು ಕಂಡು ಹೋದರು.

ಆ ವಾರವೇ ತೆನೆಹಬ್ಬ. ಹೊಸ ತೆನೆ ತಂದು ಕಂಬಗಳಿಗೆ ಕಟ್ಟಿ, ನಾಲ್ಕು ಕಾಳು ಸುಲಿದು ಅನ್ನಕ್ಕೆ ಬೆರೆಸಿ ಉಣ್ಣುವ ದಿನ. ತೆನೆ ತರುವ ಹಕ್ಕು ಯಜಮಾನರದು. ಯಾವ ಗದ್ದೆಯದೆಂದು ಕೇಳುವವರಿಲ್ಲ. ಬೆಳಗ್ಗೆ ಪುರಂದರರು ಬಾಳೆಲೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಂದದ್ದು ಆ ಬುಡವನ್ನೇ. ಬೇರುಸಮೇತ ಕಿತ್ತಿದ್ದರು.

"ಮೇಲಿನ ಗದ್ದೆ ತುಂಬ ತೆನೆ ಉಂಟಲ್ಲ ಮಾವ!"

"ದೇವರಿಗೆ ಚೊಚ್ಚಲನ್ನೇ ಕೊಡಬೇಕು ಮಾರಾಯ."

"ಅಣ್ಣ, ಒಂದು ತೆನೆಯಾದರೂ ಬಿಡಿ," ಎಂದು ರಾಜೀವಿ ಅಡ್ಡ ಬಂದಳು.

"ದೇವರಿಗೆ ಕೊಟ್ಟದ್ದನ್ನು ವಾಪಸು ಕೇಳುವುದಾ ನೀನು?"

ಬಿಟ್ಟರೂ ಪ್ರಯೋಜನವಿರಲಿಲ್ಲ. ಬಲಿಯದ ಹಾಲುಗಾಳು ಮೊಳೆಯುವುದಿಲ್ಲ.

ಊಟಕ್ಕೆ ಎಲೆ ಹಾಕಿದರು. ಹಬ್ಬದ ಅನ್ನ, ಮಕ್ಕಳ ಕಣ್ಣೆಲ್ಲ ಎಲೆಯ ಮೇಲೆ. ಅಂದು ಕಿರಿಯರು "ಹೊಸತು ಉಣ್ತೇನೆ" ಎಂದು ಹಿರಿಯರ ಅಪ್ಪಣೆ ಕೇಳಿಯೇ ತುತ್ತೆತ್ತಬೇಕು. ಎಲ್ಲರೂ ಕೇಳಿದರು, ಚೆನ್ನಪ್ಪನೊಬ್ಬ ಕೇಳಲಿಲ್ಲ. ಪುರಂದರರು ಕೈ ಕಟ್ಟಿ ಕುಳಿತರು.

"ಎಂತ, ಬಾಯಿಗೆ ಬೀಗವಾ? ನೀನು ಹೇಳದೆ ಇಲ್ಲಿ ಯಾರೂ ಉಣ್ಣುವುದಿಲ್ಲ."

ಒಂದು ಮಗು ಅಳತೊಡಗಿತು. ಅಡುಗೆಮನೆಯ ಬಾಗಿಲಿಂದ ರಾಜೀವಿಯೇ ಹೇಳಿದಳು: "ಹೇಳು ಮಗಾ. ಮಕ್ಕಳಿಗೆ ಹಸಿವೆ."

ಚೆನ್ನಪ್ಪ ತಲೆ ಎತ್ತಲಿಲ್ಲ. "ಹೊಸತು ಉಣ್ತೇನೆ ಮಾವ."

"ಉಣ್ಣು."

ಪುರಂದರರು ಮೊದಲ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು.

"ಒಳ್ಳೆ ಭತ್ತ," ಎಂದರು. "ಬೀಜಕ್ಕೆ ಇಡಬೇಕಿತ್ತು."