ಹನ್ನೊಂದನೇ ಹಾಸಿಗೆಯ ಊಟ

ಹನ್ನೊಂದನೇ ಹಾಸಿಗೆಯ ತಟ್ಟೆ ಇವತ್ತೂ ತೊಳೆದಿಟ್ಟ ಹಾಗೆ ಬಂದಿತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡು, ವಾರ್ಡುಗಳಿಂದ ವಾಪಸಾದ ತಟ್ಟೆಗಳಲ್ಲಿ ಉಳಿದದ್ದನ್ನು ತೂಗಿ ಬರೆಯುವುದು ಅವಳ ಕೆಲಸ. ನರ್ಸುಗಳಿಗೆ ಅವಳು ಡಯಟ್ ಮೇಡಂ, ರೋಗಿಗಳ ಬಾಯಲ್ಲಿ ಸೊಪ್ಪಿನ ಮೇಡಂ.

ಒಂಬತ್ತು ದಿನದಿಂದ ಹನ್ನೊಂದರ ಎದುರು ‘ಪೂರ್ತಿ ತಿಂದಿದ್ದಾರೆ’ ಎಂದೇ ಬರೆದಿದ್ದಳು. ಆದರೂ ಆ ಹಾಸಿಗೆಯ ಟೈಲರಮ್ಮನ ರಕ್ತದ ಹಿಮೋಗ್ಲೋಬಿನ್ ಎಂಟರಿಂದ ಮೇಲೇಳಲೊಲ್ಲದು. ಹತ್ತಕ್ಕೆ ಬರದೆ ಗರ್ಭಕೋಶದ ಗಡ್ಡೆಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದು ದೊಡ್ಡ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಗಡ್ಡೆ ತೆಗೆಯದೆ ರಕ್ತ ಹೋಗುವುದು ನಿಲ್ಲುವಂತಿರಲಿಲ್ಲ. ನಿಮ್ಮ ಸೊಪ್ಪಿನಲ್ಲಿ ಬರೀ ಹಸಿರು ಬಣ್ಣವೇ ಇರೋದೇನಮ್ಮ ಎಂದು ಬೆಳಿಗ್ಗೆ ಅವರು ಎಲ್ಲರೆದುರು ನಗಾಡಿದಾಗ ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಸೊಪ್ಪು ತರಕಾರಿಯ ಮೇಲೆ ಅವಳಿಗಿದ್ದ ನಂಬಿಕೆ ಪುಸ್ತಕದಿಂದ ಬಂದದ್ದಲ್ಲ, ಅಜ್ಜಿಯ ಕೈತುತ್ತಿನಿಂದ ಬಂದದ್ದು. ಅಜ್ಜಿಯ ಕಥೆಗಳಲ್ಲಿ ಕ್ಯಾರೆಟ್ ತಿಂದ ಮುದುಕ ಚಂದ್ರನ ಮೇಲೆ ಓಡಾಡುವ ಇರುವೆಗಳನ್ನು ಎಣಿಸುತ್ತಿದ್ದ. ಬೀಟ್ರೂಟ್ ತಿಂದ ರಾಜಕುಮಾರಿಗೆ ನಾಚಲು ಕಾರಣವೇ ಬೇಕಿರಲಿಲ್ಲ. ಕಥೆ ರಾಕ್ಷಸನ ಬಾಗಿಲಿಗೆ ಬರುತ್ತಲೇ ಅಜ್ಜಿ ಸುಮ್ಮನಾಗಿಬಿಡುತ್ತಿದ್ದಳು. ಮೊಮ್ಮಗಳ ಕೆನ್ನೆಯಲ್ಲಿ ಅಡಗಿದ್ದ ತುತ್ತು ಗಂಟಲಿಳಿಯುವ ತನಕ ಆ ಬಾಗಿಲು ತೆರೆಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ತಕ್ಕಡಿ ಬಿಟ್ಟು ವಾರ್ಡಿಗೇ ಹೋಗಿ ಪರದೆಯ ಮರೆಯಲ್ಲಿ ನಿಂತಳು. ಟೈಲರಮ್ಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಬೇಳೆಗೆ ಸೊಪ್ಪು ಕಲೆಸಿ, ಜೊತೆಗಿದ್ದ ಮಗಳ ಬಾಯಿಗಿಡುತ್ತಿದ್ದಳು. ಮಗಳು ಏಳು ತಿಂಗಳ ಬಸುರಿ. ನೀನು ತಿನ್ನಮ್ಮ ಎಂದು ಅವಳು ಮುಖ ತಿರುಗಿಸಿದಾಗ, ನೀನು ಕೈ ತೊಳೆಯೋಕೆ ಹೋಗಿದ್ದೆಯಲ್ಲ, ನಾನು ಆಗಲೇ ತಿಂದೆ ಎಂದಳು ತಾಯಿ.

ಆಗಲೇ ತಿಂದೆ. ಅಜ್ಜಿಯೂ ದಿನಾ ಇದನ್ನೇ ಹೇಳುತ್ತಿದ್ದಳು. ಕಥೆಯೊಳಗಿನವರೆಲ್ಲ ಉಂಡದ್ದು ನೆನಪಿದೆ. ಅಜ್ಜಿ ಉಂಡದ್ದನ್ನು ಕಂಡ ನೆನಪೇ ಇಲ್ಲ. ತುತ್ತು ಹಿಡಿದ ಆ ಬೆರಳುಗಳ ಉಗುರು ಬಿಳಿಚಿಕೊಂಡಿರುತ್ತಿತ್ತು. ಅದನ್ನು ಅವಳು ಅಜ್ಜಿಯ ಚೆಲುವು ಎಂದುಕೊಂಡಿದ್ದಳು.

ಪರದೆ ಸರಿಸಿದಳು. ಟೈಲರಮ್ಮ ತಡಬಡಾಯಿಸಲಿಲ್ಲ.

“ನನ್ನ ಹೊಟ್ಟೆಗೆ ಹೋದ್ರೇನು, ಇವಳ ಹೊಟ್ಟೆಗೆ ಹೋದ್ರೇನು ಮೇಡಂ? ಟೇಪ್ ಹಿಡಿದು ನೋಡಿದ್ದೀನಿ, ಇವಳ ಹೊಟ್ಟೆ ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ. ನಾನು ಹಳೇ ಬಟ್ಟೆ, ಹೊಲಿಗೆ ಬಿಟ್ರೆ ಬಿಡ್ಲಿ.”

ಮಗಳ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಇಷ್ಟು ದಿನವೂ ಸುಳ್ಳು ಹೇಳ್ತಿದ್ದೆಯಾ ಅಮ್ಮ?”

ಕಬ್ಬಿಣದಂಶದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಸೊಪ್ಪಿನ ಮೇಡಂ ಸೀದಾ ಕೆಳಗಿಳಿದು ಹೋಗಿ ತನ್ನ ಪಾಲಿನ ಊಟವನ್ನು ಬಡಿಸಿಕೊಂಡಳು. ಒಂದು ಹಾಸಿಗೆಗೆ ಒಂದೇ ತಟ್ಟೆ ಎಂಬ ಕಾಗದ ಅಡುಗೆಮನೆಯ ಬಾಗಿಲಲ್ಲಿತ್ತು; ಬರೆದು ಅಂಟಿಸಿದವಳು ಅವಳೇ. ಅದನ್ನು ದಾಟಿ ಬಂದು ತಟ್ಟೆಯನ್ನು ಮಗಳ ಮುಂದಿಟ್ಟಳು. ನಾಳೆಯಿಂದ ಇಲ್ಲಿಗೆ ಎರಡು ತಟ್ಟೆ ಬರುತ್ತವೆ, ನಿಮ್ಮ ರಕ್ತ ಏರಲು ಡಾಕ್ಟರ ಹತ್ತಿರ ಇನ್ನೂ ಒಂದಷ್ಟು ದಿನ ಕೇಳುತ್ತೇನೆ ಎಂದಳು.

“ಯಾರ ಹೆಸರಿಗೆ ಬರ್ಕೊಳ್ತೀರಿ?” ಟೈಲರಮ್ಮ ಕೇಳಿದಳು.

“ನಿಮ್ಮ ಮೊಮ್ಮಗುವಿನ ಹೆಸರಿಗೆ.”

“ಹುಟ್ಟೋಕೆ ಮೊದಲೇ ಆಸ್ಪತ್ರೆ ಊಟ. ಪಾಪ, ಏನು ತಪ್ಪು ಮಾಡ್ತೋ.”

ಮಗಳಿಗೆ ನಗು ಬರಲಿಲ್ಲ. ತಟ್ಟೆಯಿಂದ ತಾನೇ ಒಂದು ತುತ್ತು ಕಟ್ಟಿ ತಾಯಿಯ ತುಟಿಗೆ ಹಿಡಿದಳು. ಹಿಡಿದ ಕೈ ಇಳಿಸಲಿಲ್ಲ. ಟೈಲರಮ್ಮ ಇಬ್ಬರನ್ನೂ ಒಮ್ಮೆ ನೋಡಿ ಬಾಯಿ ತೆರೆದಳು. ಅಗಿಯುವುದು ಮರೆತೇಹೋಗಿದ್ದವಳಂತೆ ನಿಧಾನವಾಗಿ ಅಗಿದಳು.

ಪಕ್ಕದ ಹಾಸಿಗೆಯವರು, ಏನಮ್ಮ, ಇವತ್ತು ಊಟ ರುಚಿಯಾಗಿದೆಯಾ ಎಂದು ಕೇಳಿದರು. ಉಪ್ಪು ಕಮ್ಮಿ ಎಂದು ಹೇಳಲು ಟೈಲರಮ್ಮ ಬಾಯಿ ಬಿಟ್ಟಾಗ ಮುಂಬಲ್ಲಿಗೆ ಸೊಪ್ಪಿನ ಒಂದು ಚೂರು ಅಂಟಿತ್ತು. ಮಗಳು ನೋಡಿದಳು. ಒರೆಸಿಕೋ ಎನ್ನಲಿಲ್ಲ.