ಇನ್ನೂ ಮೂವತ್ತೊಂದು ತಾಸು

ಪೆಟ್ಟಿಗೆಗೆ ದಿನಕ್ಕೆ ಎರಡೂವರೆ ಸಾವಿರ, ಹೆಣ ಹೊರುವ ವಿಮಾನ ಕಟ್ಟುವವರಿಗೆ ನಾಲ್ಕು, ಹೂವು-ಪತ್ರಿಗೆ ಒಂದೂವರೆ, ಕುಣಿ ತೋಡುವವರಿಗೆ ಮೂರು ಎಂದು ಬಾಯಲ್ಲೇ ಕೂಡಿಸುತ್ತ ಗುರುಪಾದ ಮೇಜಿನ ಕೆಳಗೆ ತೂರಿದ. ತೀರಿಕೊಂಡ ಅಣ್ಣ ನೀಲಕಂಠಪ್ಪನನ್ನು ಕೂಡಿಸಿದ್ದ ತಂಪುಪೆಟ್ಟಿಗೆಯ ವೈರು ಅವನ ಕೈಯಲ್ಲಿತ್ತು. ಗಿಡದ ಟೊಂಗೆ ಕಡಿಯಲೆಂದು ರಾಯಾಪುರಕ್ಕೆಲ್ಲ ಸಂಜೆತನಕ ಕರೆಂಟು ತೆಗೆದಿದ್ದರು. ಮನೆಯ ಇನ್ವರ್ಟರು ಒಂದನ್ನು ತಾಳುತ್ತಿತ್ತು, ಎರಡನ್ನಲ್ಲ. ಅದಕ್ಕೆ ಆಗಲೇ ಅಣ್ಣನ ಕಂಪ್ಯೂಟರ್ ಅಂಟಿಕೊಂಡಿತ್ತು.

“ಅದನ್ನ ಕೀಳಬ್ಯಾಡ್ರಿ ಕಾಕಾ,” ಎಂದಳು ವಾಣಿಶ್ರೀ.

ನಾಲ್ಕು ವರ್ಷದಿಂದ ಪಿಎಚ್.ಡಿ.ಗೆಂದು ನೀಲಕಂಠಪ್ಪನವರ ಬಳಿ ಬಂದುಹೋಗುತ್ತಿದ್ದ ಹೆಣ್ಣುಮಗಳು ಅವಳು. ನೀಲಕಂಠಪ್ಪ ಪ್ರೊಫೆಸರರೇನಲ್ಲ, ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದು ನಿವೃತ್ತರಾದವರು. ಮೊಬೈಲಿನ ಸಿಗ್ನಲ್ಲು ಗೋಡೆ, ಗಿಡ, ಗಾಡಿಗಳ ನಡುವೆ ಹಾಯುವಾಗ ಎಷ್ಟು ಕೆಡುತ್ತದೆ ಎಂದು ಕಂಪ್ಯೂಟರಿನಲ್ಲೇ ಮಾಡಿ ನೋಡುವ ಪ್ರೋಗ್ರಾಮೊಂದನ್ನು ಬರೆದಿದ್ದರು. ಲಕ್ಷಗಟ್ಟಲೆಯ ಉಪಕರಣ ಕೊಳ್ಳಲಾಗದ ಕಾಲೇಜುಗಳಿಗೆ ಆಗಲೆಂದು ಅದನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದರು. ಯಾರು ಬೇಕಾದರೂ ಅದೇ ಪ್ರಯೋಗ ಮತ್ತೆ ಮಾಡಿ ಅದೇ ಉತ್ತರ ಬರುತ್ತದೋ ಇಲ್ಲವೋ ನೋಡಲಿ ಎಂದು ಒಳಗಿನ ಬರಹವನ್ನೂ ತೆರೆದೇ ಇಟ್ಟಿದ್ದರು.

ಇನ್ನೆಷ್ಟು ಹೊತ್ತು ಎಂದು ಗುರುಪಾದ ಕೇಳಿದ.

“ಇನ್ನೂ ಮೂವತ್ತೊಂದ ತಾಸ್ರಿ.”

ಅವನು ಹೊರಬಂದು ಮೊಳಕಾಲಿನ ಧೂಳು ಝಾಡಿಸಿಕೊಂಡ. “ನಮ್ಮಣ್ಣ ಅಷ್ಟೊತ್ತು ತಡಿಯಂಗಿಲ್ಲವ್ವಾ,” ಎಂದ.

* * *

ಇಪ್ಪತ್ತು ದಿನದ ಹಿಂದೆ ತಪ್ಪು ಹಿಡಿದವಳು ಅವಳೇ. ಕೆಲಸ ಲಗು ಮುಗಿಯಲೆಂದು ಪ್ರೋಗ್ರಾಮು ಪ್ರಯೋಗವನ್ನು ಎಂಟು ಪಾಲು ಮಾಡಿ ಒಟ್ಟಿಗೆ ನಡೆಸುತ್ತಿತ್ತು. ಒಂದೊಂದು ಪಾಲೂ ಬೇರೆ ಬೇರೆ ಅಂಕಿಯಿಂದ ಶುರುವಾಗಬೇಕು. ಎಷ್ಟು ಸಲ ಮಾಡಿದರೂ ಅದೇ ಉತ್ತರ ಬರಲೇಬೇಕೆಂಬ ಹಟದಲ್ಲಿ ನೀಲಕಂಠಪ್ಪ ಎಂಟಕ್ಕೂ ಒಂದೇ ಅಂಕಿ ಕಟ್ಟಿಹಾಕಿದ್ದರು. ಎಂಟು ಪ್ರಯೋಗವೆಂದು ಕಾಣುತ್ತಿದ್ದದ್ದು ಒಂದೇ ಪ್ರಯೋಗ, ಎಂಟು ಸಲ. ಹನ್ನೊಂದು ವರ್ಷ ಯಾರು ಮತ್ತೆ ಮಾಡಿದರೂ ಅದೇ ತಪ್ಪು ಉತ್ತರ ಬಂತು. ಅದೇ ಬಂತೆಂದು ಎಲ್ಲರೂ ನಂಬಿದರು.

ತೋರಿಸಿದಾಗ ಅವರು ಚಹಾ ಕುಡಿಯುತ್ತಿದ್ದರು. ಕನ್ನಡಕ ಒರೆಸಿಕೊಂಡು ಎಂಟೂ ಸಾಲಿನ ಮೇಲೆ ಬೆರಳಾಡಿಸಿದರು.

“ಖರೇ ಐತಿ,” ಎಂದರು. ಚಹಾದ ಕಪ್ಪು ಸರಿಸಿ, “ತಪ್ಪೈತಿ ಅಂತ ಅಷ್ಟ ಹೇಳಿದ್ರ ಹೆಂಗ? ಸರಿ ಉತ್ತರ ತಗದು ಎರಡೂ ಕೂಡೆ ಹಾಕೂಣು,” ಎಂದರು.

ಅಂದೇ ತಿದ್ದಿ ಪ್ರಯೋಗ ಮತ್ತೆ ಹಚ್ಚಿದರು. ಹಳೆಯ ಮಶೀನು ಇಪ್ಪತ್ತೊಂದು ದಿನ ಕೇಳಿತು. ನಡುವೆ ನಿಂತರೆ ಮೊದಲಿಂದ. ವಾಣಿಶ್ರೀಯ ಪ್ರಬಂಧ ನಿಂತದ್ದೇ ಆ ಉತ್ತರದ ಮೇಲೆ; ಎರಡು ಸಲ ಮುಂದೆ ಹೋದ ಗಡುವು ಬರುವ ಶುಕ್ರವಾರ ಕಡೆಯದು. ನಿನ್ನೆ ಮುಂಜಾನೆ ಆ ಮಶೀನಿನ ಮುಂದಿನ ಕುರ್ಚಿಯಲ್ಲೇ ಅವರ ತಲೆ ವಾಲಿತ್ತು.

* * *

ಮಗಳು ಸೌಂದರ್ಯಾ ನಾಗಪುರದಿಂದ ಬಂದು ಮುಟ್ಟುವುದು ಮಧ್ಯಾಹ್ನ ಮೂರಕ್ಕೆ. ಗುರುಪಾದ ಮೂರು ಕಡೆ ಫೋನ್ ಹಚ್ಚಿದ. ಜನರೇಟರುಗಳೆಲ್ಲ ಮದುವೆಗಳಿಗೆ ಹೋಗಿದ್ದವು. ಕಡೆಗೆ ವಾಣಿಶ್ರೀ ನೀಲಕಂಠಪ್ಪನವರ ಹೆಂಡತಿ ಚನ್ನಬಸವ್ವನ ಪಕ್ಕ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದಳು.

“ಇಪ್ಪತ್ತ ದಿನ ನನ್ನ ಕೂಡ ಕುಂತ ಉಂಡಿಲ್ಲವ್ವಾ ಅವರು,” ಎಂದರು ಚನ್ನಬಸವ್ವ. “ಮಗಳು ಬಂದಾಗ ಅಪ್ಪನ ಮಾರಿ ಛಲೋ ಕಾಣ್ಲಿ. ತಗಿ.”

ಗುರುಪಾದ ಕೀಳಲಿಲ್ಲ, ಅವಳ ಕಡೆ ನೋಡಿದ. ವಾಣಿಶ್ರೀ ತಾನೇ ಬಗ್ಗಿ ಕಂಪ್ಯೂಟರಿನ ವೈರು ಕಿತ್ತಳು.

ಅಂಗಳದಲ್ಲಿ ಅವಳ ಗೈಡ್ ಪರಮೇಶ ಸರ್ ಶಾಮಿಯಾನದ ನೆರಳಿಗೆ ನಿಂತಿದ್ದರು. ಅದೇ ಪ್ರೋಗ್ರಾಮಿನಿಂದ ಅವರದೂ ಆರು ಲೇಖನ ಅಚ್ಚಾಗಿದ್ದವು. ಹಳೆಯ ಉತ್ತರವನ್ನೇ ಹಾಕಿ ಪ್ರಬಂಧ ಕೊಟ್ಟುಬಿಡು, ಯಾರು ಮತ್ತೆ ಮಾಡಿ ನೋಡಿದರೂ ಅದೇ ಬರುತ್ತದೆ ಎಂದು ಮೆತ್ತಗೆ ಹೇಳಿದರು. “ಗೊತ್ತಿದ್ದವರು ಒಳಗ ಪೆಟ್ಟಿಗ್ಯಾಗ ಅದಾರ.”

“ನನಗ ಗೊತ್ತೈತಲ್ರಿ ಸರ್.”

“ಅದಕ್ಕ ಯಾರೂ ಡಿಗ್ರಿ ಕೊಡಂಗಿಲ್ಲ, ತಂಗಿ.”

ಸೌಂದರ್ಯಾ ಬಂದ ಮೇಲೆ, ನಾಲ್ಕರ ಹೊತ್ತಿಗೆ ವಿಮಾನ ಎದ್ದಿತು. ಕುಣಿಯೊಳಗೆ ಕೂಡಿಸಿ ವಿಭೂತಿ, ಪತ್ರಿ ತುಂಬುತ್ತಿದ್ದಾಗ ವಾಣಿಶ್ರೀ ಹೆಂಗಸರ ಹಿಂದೆ ಸರಿದು ಫೋನು ತೆಗೆದಳು. ಪ್ರೋಗ್ರಾಮಿನ ಪುಟದಲ್ಲಿ ಬರೆಯುವ ಅಧಿಕಾರವನ್ನು ನೀಲಕಂಠಪ್ಪ ಅವಳಿಗೆ ಕೊಟ್ಟಿದ್ದರು, ಪ್ರೋಗ್ರಾಮನ್ನು ಬದಲಿಸುವ, ತೆಗೆದುಹಾಕುವ ಅಧಿಕಾರವನ್ನಲ್ಲ. ಇದರ ಹನ್ನೊಂದು ವರ್ಷದ ಉತ್ತರಗಳು ತಪ್ಪು, ತಪ್ಪು ಇಂಥಲ್ಲಿದೆ, ಸರಿ ಉತ್ತರ ನಮ್ಮ ಬಳಿ ಇಲ್ಲ, ಬಳಸಬೇಡಿ ಎಂದು ನೀಲಕಂಠಪ್ಪನವರ ಹೆಸರಿನ ಕೆಳಗೇ ಬರೆದಳು. ತನ್ನ ಹೆಸರು ಹಾಕಿ ಒತ್ತಿದಳು. ಅವರ ಹನ್ನೊಂದು ವರ್ಷ ಹೋಯಿತು, ಅವಳ ನಾಲ್ಕು ವರ್ಷ ಹೋಯಿತು.

ಮಣ್ಣು ಹಾಕಿ ಬಂದು ಕೈಕಾಲು ತೊಳೆದುಕೊಂಡು ಮತ್ತೆ ಪುಟ ತೆರೆದಳು. ಸೂಚನೆ ಓದಿದವರು ಇಬ್ಬರು. ಅದರ ಕೆಳಗೆ, ಇಂದು ಪ್ರೋಗ್ರಾಮನ್ನು ಇಳಿಸಿಕೊಂಡವರು ನಲವತ್ತು ಎಂದಿತ್ತು. ಅವಳು ನೋಡುತ್ತಿದ್ದ ಹಾಗೆಯೇ ನಲವತ್ತೊಂದಾಯಿತು.